ಓರಗಿತ್ತಿಯ ಜೊತೆ ಹಾಸನದಲ್ಲಿ ಎರಡು ರಾತ್ರಿ

ಇಷ್ಟು ವರ್ಷ ಹಾಸನ ಅಂದರೆ ನನಗೆ ಬಸ್ ಸ್ಟ್ಯಾಂಡ್ ಮಾತ್ರ. ಧರ್ಮಸ್ಥಳಕ್ಕೆ ಹೋಗುವಾಗ ಅಲ್ಲಿ ಇಳಿದು ಒಂದು ಕಾಫಿ, ಬರುವಾಗ ಇನ್ನೊಂದು. ಊರೊಳಗೆ ಕಾಲಿಟ್ಟವಳೇ ಅಲ್ಲ. ಜರ್ಮನಿಯಲ್ಲಿರುವ ಮಗ ಎರಡು ತಿಂಗಳಿಗೊಮ್ಮೆ ‘ಸಿಟಿ ಬ್ರೇಕ್’ ಅಂತ ಹೊರಡುತ್ತಾನೆ. ಕಳೆದ ಸಲ ಬ್ಯಾಂಬರ್ಗ್ ಎಂಬ ಊರಿನ ಫೋಟೊ ಕಳಿಸಿದ್ದ. 1993ರಿಂದ ಆ ಹಳೇ ಪೇಟೆ ವಿಶ್ವ ಪರಂಪರೆ ತಾಣವಂತೆ. ‘ಎಲ್ಲರೂ ಹೋಗೋ ಊರು ಬೇಡಮ್ಮ, ಪಕ್ಕದ್ದಕ್ಕೆ ಹೋಗು. ಎರಡು ರಾತ್ರಿ ಒಂದೇ ರೂಮಲ್ಲಿರು, ಸುಮ್ಮನೆ ಓಡಾಡು’ ಎಂದು ಉಪದೇಶ ಬೇರೆ. ಸರಿ, ಬೇಲೂರು ಹಳೇಬೀಡು ಎರಡೂ ಬೇಡ, ಹಾಸನದಲ್ಲೇ ಉಳಿಯೋಣ ಅಂದುಕೊಂಡೆ. ಯಜಮಾನರಿಗೆ ಮಂಡಿ ನೋವು. ಜೊತೆಗೆ ಹೊರಟವಳು ನನ್ನ ಓರಗಿತ್ತಿ.

ಇಲ್ಲೊಂದು ಮಾತು ಹೇಳಿಬಿಡಬೇಕು. ಎರಡು ವರ್ಷದ ಹಿಂದೆ ನಮ್ಮ ಮನೆ ಪಾಲಾಯಿತು. ಆಮೇಲೆ ನಾವಿಬ್ಬರೂ ಮದುವೆ ಮುಂಜಿಗಳಲ್ಲಿ ನಗುನಗುತ್ತಾ ಮಾತಾಡಿದ್ದೇವೆಯೇ ಹೊರತು ಒಂದು ರಾತ್ರಿ ಒಂದೇ ಸೂರಿನಡಿ ಮಲಗಿದ್ದಿಲ್ಲ. ಅವಳೇ ಫೋನ್ ಮಾಡಿ, ‘ಅಕ್ಕ, ನಾನೂ ಬರಲಾ?’ ಅಂದಳು. ಬೇಡ ಅನ್ನಲು ಬಾಯಿ ಬರಲಿಲ್ಲ.

ತುಮಕೂರಿನಿಂದ ತಿಪಟೂರು, ಅರಸೀಕೆರೆ ಮೇಲೆ ಸಂಜೆ ಏಳಕ್ಕೆ ಹಾಸನ. ಮೊಬೈಲಿನಲ್ಲಿ ನೋಡಿ ಗೊತ್ತು ಮಾಡಿದ್ದ ಲಾಡ್ಜು. ಫೋಟೊದಲ್ಲಿ ದೊಡ್ಡ ಕಿಟಕಿ ಇತ್ತು. ನಿಜಕ್ಕೂ ಇತ್ತು ಅನ್ನಿ, ತೆಗೆದರೆ ಎದುರಿಗೆ ಪಕ್ಕದ ಕಟ್ಟಡದ ಗೋಡೆ. ಬಿಸಿನೀರು ಬೆಳಿಗ್ಗೆ ಆರರಿಂದ ಎಂಟರವರೆಗೆ ಮಾತ್ರ. ಅದನ್ನೂ ಸಹಿಸಿಕೊಂಡೆವು. ಹೊರಡುವ ದಿನ ಒಂಬತ್ತಕ್ಕೆ ತಿಂಡಿ ಮುಗಿಸಿ ಬಂದರೆ ಕೌಂಟರಿನ ಹುಡುಗ, ‘ಎಂಟಕ್ಕೇ ಚೆಕ್‌ಔಟ್ ಮೇಡಂ, ಅರ್ಧ ದಿನದ ಬಾಡಿಗೆ ಆಗುತ್ತೆ’ ಅಂದ. ಅದನ್ನು ಬರೆದಿದ್ದ ಬೋರ್ಡು ಕ್ಯಾಲೆಂಡರಿನ ಹಿಂದೆ ಇತ್ತು! ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ. ನೀವು ಹೋಗುವುದಾದರೆ ದುಡ್ಡು ಕಟ್ಟುವ ಮೊದಲೇ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಬಿಸಿನೀರು ಎಷ್ಟು ಹೊತ್ತಿಗೆ, ಖಾಲಿ ಮಾಡಬೇಕಾದ್ದು ಎಷ್ಟು ಹೊತ್ತಿಗೆ. ಇನ್ನು ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳು, ಅಂದರೆ ಆಶ್ವಯುಜದ ಹುಣ್ಣಿಮೆ ಕಳೆದ ಗುರುವಾರದಿಂದ ದೀಪಾವಳಿಯ ತನಕ, ರೂಮಿನ ಆಸೆಯನ್ನೇ ಬಿಡಿ.

ನಾವು ಹೋಗಿದ್ದು ಜನವರಿಯಲ್ಲಿ. ಎಲ್ಲೆಲ್ಲೂ ಸೊಗಡು ಅವರೆಯ ವಾಸನೆ. ಬೆಳಿಗ್ಗೆ ಒಂದು ಪುಟ್ಟ ಹೋಟೆಲಿನಲ್ಲಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆವು. ಬಣ್ಣ ನೋಡಿದರೆ ಕೆಸರು, ಬಾಯಿಗಿಟ್ಟರೆ ಬೇರೇನೂ ಬೇಡ. ಓರಗಿತ್ತಿ ಮೂರು ಸಲ ಹಾಕಿಸಿಕೊಂಡಳು.

ಮೊದಲ ದಿನ ದೊಡ್ಡಗದ್ದವಳ್ಳಿಯ ಗುಡಿ. ಬೇಲೂರಿನ ದೇವಸ್ಥಾನ 1117ರದ್ದು. ಇದು ಅದಕ್ಕಿಂತ ಮೂರು ನಾಲ್ಕು ವರ್ಷ ಹಳೆಯದು. ಕಟ್ಟಿಸಿದವನು ರಾಜನಲ್ಲ, ಕುಲ್ಲಹಣ ರಾಹುತನೆಂಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ. ಒಂದೇ ಗುಡಿಯಲ್ಲಿ ನಾಲ್ಕು ಗರ್ಭಗುಡಿ, ಪಕ್ಕದಲ್ಲಿ ಕೆರೆ. ಕಾಳಿಯ ಬಾಗಿಲಲ್ಲಿ ಎಲುಬು ಎಣಿಸಬಹುದಾದ ಬೇತಾಳಗಳು ನಿಂತಿವೆ. ‘ಪಾಲು ಪತ್ರ ಓದಿದ ದಿನ ನಮ್ಮಿಬ್ಬರ ಮುಖ ಹಿಂಗೇ ಇತ್ತು’ ಅಂದಳು ಓರಗಿತ್ತಿ. ಆ ಮಾತು ಅವಳ ಬಾಯಿಂದ ಬಂದಿದ್ದು ಎರಡು ವರ್ಷದಲ್ಲಿ ಅದೇ ಮೊದಲು. ನಾನು ಕೇಳಿಸಲಿಲ್ಲವೆಂಬಂತೆ ಕೆರೆ ಕಡೆ ನಡೆದೆ. ಮಧ್ಯಾಹ್ನ ಕೋರವಂಗಲಕ್ಕೂ ಹೋದೆವು. ಅಲ್ಲಿಯ ಗುಡಿ 1173ರಲ್ಲಿ ಹೊಯ್ಸಳ ದೊರೆ ವೀರಬಲ್ಲಾಳನ ಪಟ್ಟಾಭಿಷೇಕದ ನೆನಪಿಗೆ ಬೂಚಿರಾಜನೆಂಬ ಅಧಿಕಾರಿ ಕಟ್ಟಿಸಿದ್ದು. ಚೆನ್ನಾಗಿದೆ, ಆದರೆ ನನಗೆ ಅಷ್ಟು ಹೊತ್ತಿಗೆ ಹಸಿವು.

ಮಾರನೇ ದಿನ ಮೊಸಳೆ. ಊರಿನ ಹೆಸರೇ ಅದು. ಹಾಸನದಿಂದ ಹತ್ತು ಹನ್ನೆರಡು ಕಿಲೋಮೀಟರ್, ಆಟೋದವನು ಕಾಯುವುದೂ ಸೇರಿ ಆರುನೂರು ಅಂದ. ಅಲ್ಲಿ ಅಕ್ಕಪಕ್ಕ ಎರಡು ಗುಡಿ, ಒಂದು ನಾಗೇಶ್ವರ, ಇನ್ನೊಂದು ಚೆನ್ನಕೇಶವ. ವೀರಬಲ್ಲಾಳನ ಕಾಲದ್ದು, ಸುಮಾರು 1200ರದ್ದು. ಅಳತೆ, ಶಿಖರ, ಮುಖಮಂಟಪ ಎಲ್ಲ ಒಂದೇ. ಗೋಡೆಯ ಮೇಲಿನ ದೇವರುಗಳನ್ನು ನೋಡಿಯೇ ಇದು ಶಿವಂದು, ಇದು ವಿಷ್ಣುವಿಂದು ಅನ್ನಬೇಕು. ನಡುವೆ ಒಂದಷ್ಟು ಅಡಿಗಳ ಓಣಿ. ಆ ಓಣಿಯಲ್ಲಿ ನಿಂತು ಎರಡು ಗೋಡೆಗೂ ಕೈ ಚಾಚಿ ನೋಡಿದೆ, ಎಟುಕಲಿಲ್ಲ.

ಹತ್ತಿರದ ಮನೆಯ ಅಜ್ಜಿ ಮೊರದಲ್ಲಿ ಅವರೆಕಾಯಿ ಇಟ್ಟುಕೊಂಡು ಬಿಡಿಸುತ್ತಾ ಕೂತಿತ್ತು.

‘ಯಾವೂರವ್ವಾ? ಅಕ್ಕತಂಗೀರಾ?’

‘ಅಲ್ಲಜ್ಜಿ, ಓರಗಿತ್ತೀರು.’

ಅಜ್ಜಿ ಕೈ ನಿಲ್ಲಿಸಿ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿತು. ‘ಓರಗಿತ್ತೀರು ಜೊತೇಲಿ ಊರು ನೋಡಕ್ಕೆ ಬಂದವ್ರಾ? ಒಟ್ಟಿಗಿದ್ದೀರೋ, ಬೇರೆ ಆಗಿದ್ದೀರೋ?’

‘ಬೇರೆ.’

‘ಅದುಕ್ಕೇ’ ಅಂದಿತು. ಆಮೇಲೆ ಗುಡಿಯ ಕಡೆ ಗದ್ದ ಎತ್ತಿ, ‘ಇವೂ ಹಂಗೇ ಕಣವ್ವ. ಇವನ ಸೂರಿನ ನೀರು ಅವನ ಗೋಡೆಗೆ ಬೀಳಂಗಿಲ್ಲ. ಅಷ್ಟು ಜಾಗ ಬುಟ್ಟು ಕಟ್ಟವ್ರೆ. ನಮ್ ಮನೇಲಿ ಒಂದು ಮೊಳ ಜಾಗ ಬುಡ್ನಿಲ್ಲ ನನ್ ಮೈದುನ, ಮೂವತ್ತು ವರ್ಷ ಕೋರ್ಟಿಗೆ ತಿರುಗುದ್ವಿ.’

ಓರಗಿತ್ತಿ ಅಲ್ಲೇ ಕೂತು ಅವರೆಕಾಯಿಗೆ ಕೈ ಹಾಕಿದಳು. ನಾನೂ ಕೂತೆ. ಈ ಗುಡಿಗಳ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ ಅಂತ ನಾನು ಎಲ್ಲೋ ಓದಿದ್ದನ್ನು ಹೇಳಿದೆ. ಅಜ್ಜಿಗೆ ಅದು ಬೇಕಿರಲಿಲ್ಲ.

‘ಜಮೀನು ಬುಡವ್ವ, ಅದು ಗಂಡಸ್ರು ನೋಡ್ಕತಾರೆ. ಒರಳುಕಲ್ಲು ಯಾರ್ ಪಾಲಿಗ್ ಬಂತು?’

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅತ್ತೆಯ ಕಾಲದ ಒರಳುಕಲ್ಲಿಗೆ ಅವತ್ತು ನಾವು ಆಡದ ಮಾತಿಲ್ಲ. ಕೊನೆಗೆ ಪಂಚಾಯ್ತಿಗೆ ಕೂತ ಹಿರಿಯರೊಬ್ಬರು ಬೇಸತ್ತು ಒರಳು ಅವಳಿಗೆ, ಗುಂಡು ನನಗೆ ಅಂತ ಬರೆಸಿಬಿಟ್ಟಿದ್ದರು. ಅವಳ ಹಿತ್ತಲಲ್ಲಿ ಒರಳು ಮಳೆನೀರು ತುಂಬಿಕೊಂಡು ಕೂತಿದೆ. ನನ್ನ ಮನೆಯಲ್ಲಿ ಗುಂಡು ಬಾಗಿಲು ಬಡಿಯದ ಹಾಗೆ ಒತ್ತಿಟ್ಟ ಕಲ್ಲು.

ಇದನ್ನು ಓರಗಿತ್ತಿ ಹೇಳುತ್ತಿದ್ದಂತೆ ಅಜ್ಜಿ ನಗತೊಡಗಿತು. ಬೊಚ್ಚುಬಾಯಿ ತೆರೆದು, ಮೊರ ಪಕ್ಕಕ್ಕಿಟ್ಟು, ಕಣ್ಣಲ್ಲಿ ನೀರು ಬರುವಷ್ಟು. ‘ಒರಳು ಒಂದ್ ಮನೇಗೆ, ಗುಂಡು ಒಂದ್ ಮನೇಗಾ! ಅಯ್ಯೋ ಶಿವನೇ, ರುಬ್ಬದು ಯಾವ್ ಮನೇಲಿ?’ ಓರಗಿತ್ತಿಯೂ ನಕ್ಕಳು. ನನಗೆ ಮೊದಲು ಅವಮಾನವಾಯಿತು, ಆಮೇಲೆ ತಡೆಯಲಾಗಲಿಲ್ಲ. ಆಟೋದವನು ಏನೋ ಆಯಿತೆಂದು ಓಡಿ ಬಂದ.

ಹೊರಡುವಾಗ ಅಜ್ಜಿ ಒಂದು ಸೇರು ಹುಚ್ಚೆಳ್ಳು ಕೊಟ್ಟಿತು. ದುಡ್ಡು ಮುಟ್ಟಲಿಲ್ಲ.

ಗೊರೂರು ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚು, ಸಕಲೇಶಪುರದ ನಕ್ಷತ್ರ ಕೋಟೆ ನೋಡಲೇ ಇಲ್ಲ. ಮಗ ಕೇಳಿದ, ಇಷ್ಟೇನಾ ಅಂತ. ಇಷ್ಟೇ ಅಂದೆ.

ವಾಪಸು ಬಸ್ಸಿನಲ್ಲಿ ಹುಚ್ಚೆಳ್ಳಿನ ಚೀಲ ಅವಳ ತೊಡೆಯ ಮೇಲಿತ್ತು. ಅರಸೀಕೆರೆ ದಾಟಿದ ಮೇಲೆ, ‘ಮಿಕ್ಸಿಗೆ ಹಾಕಿದರೆ ಆ ರುಚಿ ಬರಲ್ಲ ಅಕ್ಕ’ ಅಂದಳು.

‘ಗುಂಡು ಎಷ್ಟು ಭಾರ ಗೊತ್ತಾ ನಿನಗೆ?’

‘ಒರಳು ಇನ್ನೂ ಭಾರ.’

ತಿಪಟೂರು ಬರುವವರೆಗೂ ಅದೇ ಜಗಳ.