ತಾಯಿ ಕಾರ್ಡು

ಇವತ್ತು ಇಡೀ ಮಧ್ಯಾಹ್ನ ಪುಣೆಯ ಕೋಥರೂಡಿನ ನಮ್ಮ ಮನೆಯ ಕಪಾಟಿನ ಮುಂದೆಯೇ ಕಳೆಯಿತು. ನ್ಯೂಜೆರ್ಸಿಗೆ ಹೋಗಿ ಎರಡು ತಿಂಗಳಾದ ಸೊಸೆ ನಿನ್ನೆ ರಾತ್ರಿ ಫೋನ್ ಮಾಡಿದ್ದಳು. "ಅತ್ತೀ, ಸಾಲ್ಯಾಗ ಪುಟ್ಟನ ಇಂಜೆಕ್ಷನ್ ದಾಖಲೆ ಕೇಳ್ಯಾರ. ತಾಯಿ ಕಾರ್ಡು ಅಲ್ಲೇ ಉಳದದ."

ಹಳೇ ರೇಷನ್ ಕಾರ್ಡಿನ ಕೆಳಗೆ ಸಿಕ್ಕಿತು. ಬಾಣಂತನ ಅವಳ ತವರು ಧಾರವಾಡದಲ್ಲಿ ಆಗಿತ್ತಲ್ಲ, ಬಿಸಿಜಿ, ಪೋಲಿಯೊ ಹನಿ, ಪೆಂಟಾವೇಲೆಂಟ್ ಎಲ್ಲಾ ಕನ್ನಡದಲ್ಲಿ. ಆಮೇಲಿನದು ಪುಣೆಯ ಮರಾಠಿ ಕಾರ್ಡು. ಒಂದೊಂದೇ ಸಾಲು ಇಂಗ್ಲಿಷಿನಲ್ಲಿ ಬರೆದೆ. ತಿಂಗಳಿನ ಹೆಸರನ್ನು ಅಕ್ಷರದಲ್ಲೇ ಬರೆದೆ, ಅಲ್ಲಿ ತಿಂಗಳು ಮೊದಲು, ತಾರೀಖು ಆಮೇಲೆ.

ಮನಸ್ಸಿಗೆ ನಾಟಿದ್ದು ದಡಾರದ ಸಾಲು. ನಮ್ಮಲ್ಲಿ ಸರ್ಕಾರಿ ಲಸಿಕೆ 9 ತಿಂಗಳಿಗೇ ಶುರು, ಹಾಲುಗೂಸಿಗೂ ದಡಾರದ ಭಯ ಇರುವುದರಿಂದ. ಅಮೆರಿಕದಲ್ಲಿ ಮೊದಲ ಹುಟ್ಟುಹಬ್ಬಕ್ಕೆ ಮುಂಚಿನ ಡೋಸು ಲೆಕ್ಕಕ್ಕಿಲ್ಲ. ತಾಯಿಯಿಂದ ಬಂದ ರೋಗನಿರೋಧಕ ಕಣಗಳು ಅಷ್ಟೊತ್ತಿಗೆ ಪೂರ್ತಿ ಹೋಗಿರದಿದ್ದರೆ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲವಂತೆ. ಮೇಲಾಗಿ ದಡಾರ, ರುಬೆಲ್ಲಾ ಎರಡಕ್ಕೂ ಸೇರಿಸಿ ಹಾಕುವ ನಮ್ಮ ಎಂಆರ್‌ನಲ್ಲಿ ಮಂಗನಬಾವಿನ ಲಸಿಕೆ ಇರುವುದಿಲ್ಲ, ಅವರಿಗೆ ಅದೂ ಬೇಕು. ಸಿಡುಬಿನ ಹಾಗೆ ಗುಳ್ಳೆ ಏಳುವ ಚಿಕನ್‌ಪಾಕ್ಸ್‌ದೂ ಬೇಕು.

ಆ 9ನೇ ತಿಂಗಳ ಇಂಜೆಕ್ಷನ್ನಿನ ರಾತ್ರಿ ಜ್ವರ ಬಂದು ಮಗು ನನ್ನ ತೊಡೆಯ ಮೇಲೇ ಮಲಗಿತ್ತು. ಅದನ್ನು ಬಿಡಬಾರದೆನಿಸಿ ಆ ಸಾಲನ್ನೂ ಬರೆದೆ. ಆ ತಿಂಗಳುಗಳಲ್ಲಿ ಅವನನ್ನು ಕಾಯಲೆಂದೇ ಅಲ್ಲವೇ ಹಾಕಿಸಿದ್ದು.

ಫೋಟೊ ಕಳಿಸಿದ್ದೇನೆ. ಮೂಲ ಕಾರ್ಡು ನಾಳೆ ಕುರಿಯರಿಗೆ.