ಬೋಟು ಇಳಿಯುವ ಮೊದಲಿನ ಭಾನುವಾರ

ಪಂದ್ಯ ಮೂರೂವರೆಗೆ ಶುರುವಾಗಬೇಕಿತ್ತು. ಅದಕ್ಕೆ ಹತ್ತು ನಿಮಿಷ ಮೊದಲು ರೆಫರಿ ಗೋಲಿನ ಬಲೆಯನ್ನು ಎಳೆದು ನೋಡಿದರು. ಚೆಂಡು ನುಸುಳುವಷ್ಟು ದೊಡ್ಡ ತೂತು. ಯಾರೋ ಪ್ಲಾಸ್ಟಿಕ್ ಚೀಲ ಕಟ್ಟಿ ಮುಚ್ಚೋಣ ಎಂದರು. ಅಷ್ಟರಲ್ಲಿ ನಮ್ಮ ಗೋಲ್‌ಕೀಪರ್ ಗ್ಲೌಸ್ ಕಳಚಿ ಕಂಕುಳಲ್ಲಿ ಸಿಕ್ಕಿಸಿಕೊಂಡು, ಯಾರದೋ ಬೈಕಿನ ಹಿಂದೆ ಕಟ್ಟಿದ್ದ ನೈಲಾನ್ ಹುರಿಯನ್ನು ತರಿಸಿ, ಕೆಸರಿನಲ್ಲಿ ಮೊಣಕಾಲೂರಿ ಕುಳಿತ. ಬಲೆ ಕಟ್ಟುವ ಸೂಜಿ ಇರಲಿಲ್ಲ, ಬೆರಳುಗಳೇ ಸೂಜಿ. ಒಂದೊಂದು ಕಣ್ಣಿಗೂ ಒಂದೊಂದು ಗಂಟು. ಮೂರು ನಿಮಿಷವೂ ಆಗಿರಲಿಕ್ಕಿಲ್ಲ, ಎದ್ದು ಬಲೆಯನ್ನು ಜಗ್ಗಿ ತೋರಿಸಿದ. ರೆಫರಿ ಅವನ ಬೆನ್ನು ತಟ್ಟಿದರು.

ಅವನು ನನ್ನ ಹಳೆಯ ವಿದ್ಯಾರ್ಥಿ. ಮಲ್ಪೆಯ ಹುಡುಗ, ಹತ್ತನೆಯ ತರಗತಿ ಮುಗಿಸಿ ಬೋಟಿಗೆ ಹೋದವನು. ಟ್ರಾಲ್ ಬೋಟು ಒಮ್ಮೆ ಕಡಲಿಗಿಳಿದರೆ ಹತ್ತು ದಿನ ಅವನಿಗೆ ನೆಲವೇ ಇಲ್ಲ. ಆದರೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಹಾಕುವ ಕಾಲ. ಬೋಟುಗಳು ಧಕ್ಕೆಯಲ್ಲಿ ಸಾಲಾಗಿ ನಿಂತು ಬಣ್ಣ ಬಳಿಸಿಕೊಳ್ಳುತ್ತವೆ. ಬಲೆಗಳು ಅಂಗಳಕ್ಕೆ ಬರುತ್ತವೆ. ಬೆಳಿಗ್ಗೆ ಬಲೆ ಕೆಲಸ ಮಾಡಿದ ಹುಡುಗರು ಸಂಜೆ ಮಳೆಯಲ್ಲೇ ಫುಟ್‌ಬಾಲ್ ಆಡುತ್ತಾರೆ. ಕರಾವಳಿಯಲ್ಲಿ ಬೇಸಗೆ ಕ್ರಿಕೆಟ್‌ನದು, ಮಳೆಗಾಲ ಫುಟ್‌ಬಾಲಿನದು. ಈ ತಂಡ ಹುಟ್ಟಿದ್ದೇ ಆ 61 ದಿನಗಳಲ್ಲಿ. ಅವರಿಗೆ ಲೀಗ್ ಇಲ್ಲ, ಸಂಬಳವಿಲ್ಲ. ಜೆರ್ಸಿಯನ್ನು ಒಬ್ಬ ಬೋಟಿನ ಯಜಮಾನರು ಹೊಲಿಸಿಕೊಟ್ಟಿದ್ದಾರೆ.

"ಟೀಚರ್, ಸೆಮಿಫೈನಲ್‌ಗೆ ಬಂದಿದ್ದೇವೆ, ಮಂಗಳೂರಿನ ನೆಹರೂ ಮೈದಾನದಲ್ಲಿ" ಎಂದು ಅವನು ಫೋನ್ ಮಾಡಿದಾಗ ನನಗೆ ಕಣ್ಣು ತುಂಬಿ ಬಂತು. ಜುಲೈ 27, ಭಾನುವಾರ. ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ ಹಿಡಿದೆ. ಮೂಲ್ಕಿಯಲ್ಲಿ ಶಾಂಭವಿ ನದಿ ಕೆಂಪಗೆ ತುಂಬಿ ಹರಿಯುತ್ತಿತ್ತು. ಸುರತ್ಕಲ್ ದಾಟುವಾಗ ಮಳೆ ಎಷ್ಟು ಜೋರಾಯಿತೆಂದರೆ ಪಂದ್ಯ ನಡೆಯುವುದಿಲ್ಲ ಎಂದೇ ಭಾವಿಸಿದೆ. ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಇಳಿದರೆ ಮೈದಾನ ಪಕ್ಕದಲ್ಲೇ. ಗೋಲಿನ ಮುಂದಿನ ಹೊಂಡಗಳಿಗೆ ಮರಳು ಸುರಿಯುತ್ತಿದ್ದರು. ಹೊಟ್ಟೆಯಲ್ಲಿದ್ದ ಆತಂಕ ಇಳಿಯಿತು.

ನಾನು ಯಾವಾಗಲೂ ಗೋಲಿನ ಹಿಂದೆ ನಿಲ್ಲುತ್ತೇನೆ. ಅಲ್ಲಿ ಆಟದ ಸದ್ದು ಕೇಳುತ್ತದೆ: ಒದ್ದೆ ಚೆಂಡು ಬೂಟಿಗೆ ತಾಗಿದಾಗಿನ ಮಂದವಾದ ಏಟು, ಗೋಲ್‌ಕೀಪರ್ ತನ್ನಷ್ಟಕ್ಕೆ ತಾನು ಎಣಿಸಿಕೊಳ್ಳುವುದು. ಆಟಗಾರರಿಗೂ ನಮಗೂ ನಡುವೆ ಇರುವುದು ಒಂದು ಹಗ್ಗ ಮಾತ್ರ. ಹಗ್ಗದ ಗುಂಟ ಕೊಡೆಗಳ ಕೆಳಗಿಂದ ತುಳುವಿನಲ್ಲಿ "ಬಲಿಪು, ಬಲಿಪು" ಎಂದು ಒಬ್ಬರು, ಕೊಂಕಣಿಯಲ್ಲಿ "ಧಾಂವ್" ಎಂದು ಇನ್ನೊಬ್ಬರು, ಬ್ಯಾರಿಯಲ್ಲಿ ಮತ್ತೊಬ್ಬರು ಕೂಗುತ್ತಾರೆ. ಎಲ್ಲರೂ ಹೇಳುವುದು ಒಂದೇ, ಓಡು.

ಎದುರಾಳಿ ಉಳ್ಳಾಲ ಕಡೆಯ ತಂಡ. ಅವರಲ್ಲೂ ಅರ್ಧ ಜನ ಬೋಟಿನವರೇ. ಅರ್ಧಕ್ಕೆ ಮೂವತ್ತು ನಿಮಿಷದ ಆಟ. ಮೊದಲರ್ಧದಲ್ಲಿ ಅವರೊಂದು ಗೋಲು ಹೊಡೆದರು. ಕೆಸರಿನಲ್ಲಿ ನಿಂತುಹೋದ ಚೆಂಡಿಗೆ ನಮ್ಮ ಡಿಫೆಂಡರ್ ಕಾಲು ಬೀಸಿದ, ತಾಗಲಿಲ್ಲ.

ವಿರಾಮದಲ್ಲಿ ಚರ್ಮುರಿ ಕೊಂಡೆ. ತೆಂಗಿನೆಣ್ಣೆ, ಹಸಿ ಈರುಳ್ಳಿ, ಮಾವಿನಕಾಯಿ ತುರಿ. ಪಕ್ಕದಲ್ಲಿದ್ದ ಬಂದರಿನ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ಅವರ ಮಗ ರಿಯಾದ್‌ನಲ್ಲಿ ಕೆಲಸದಲ್ಲಿದ್ದಾನೆ. 2023ರ ಮಾರ್ಚ್‌ನಲ್ಲಿ ಅಲ್ಲಿ, ನಮ್ಮ ರಾಜ್ಯ ತಂಡಗಳು ಸೆಣಸುವ ಸಂತೋಷ್ ಟ್ರೋಫಿ ಫುಟ್‌ಬಾಲ್ ಫೈನಲ್ ನಡೆದಾಗ ಕ್ರೀಡಾಂಗಣದಲ್ಲಿದ್ದನಂತೆ. ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿತು. 1968–69ರ ನಂತರ ರಾಜ್ಯಕ್ಕೆ ಆ ಕಪ್ ಬಂದದ್ದು ಆಗಲೇ. "ಮಗ ಅಲ್ಲಿಂದ ಫೋನ್ ಹಿಡಿದು ಆಟ ತೋರಿಸಿದ, ನಾನಿಲ್ಲಿ ಕೂತು ಅತ್ತೆ" ಎಂದರು. ಮುಚ್ಚುಮರೆ ಇಲ್ಲದೆ ಹೇಳಿದರು. ನನಗೆ ಅವರು ತುಂಬ ಹಿಡಿಸಿದರು.

ನಾನು ಅವರಿಗೆ ತರಗತಿಯಲ್ಲಿ ಮಕ್ಕಳಿಗೆ ಹೇಳುವ ಕತೆಯನ್ನೇ ಹೇಳಿದೆ. ಇಂಗ್ಲೆಂಡಿನಲ್ಲಿ ಮೇಲಿನ ನಾಲ್ಕು ಹಂತಗಳಲ್ಲಿ 92 ಕ್ಲಬ್‌ಗಳು. ಅದರ ಕೆಳಗಿನವರೆಲ್ಲ ನಾನ್-ಲೀಗ್. ಬೇರೆ ಕಸುಬು ಮಾಡಿಕೊಂಡು ಆಡುವವರೇ ಅಲ್ಲಿ ಹೆಚ್ಚು. ಆದರೆ ಎಫ್‌ಎ ಕಪ್ ಎಂಬ ಅಲ್ಲಿನ ಪಂದ್ಯಾವಳಿಯ ಬಾಗಿಲು ಅವರಿಗೂ ತೆರೆದಿರುತ್ತದೆ. 1972ರಲ್ಲಿ ಹೆರೆಫೋರ್ಡ್ ಎಂಬ ಅಂಥದೊಂದು ತಂಡ ಇಂಥದೇ ಕೆಸರಿನಲ್ಲಿ ನ್ಯೂಕ್ಯಾಸಲ್‌ನಂಥ ದೊಡ್ಡ ತಂಡವನ್ನು 2–1ರಿಂದ ಸೋಲಿಸಿತು. ಬಹಳ ದೂರದಿಂದ ಹೊಡೆದು ಆಟ ಸಮ ಮಾಡಿದವರು ರಾನಿ ರಾಡ್‌ಫರ್ಡ್, ಕಸುಬಿನಲ್ಲಿ ಬಡಗಿ. "ಬಡಗಿಯಾ?" ಎಂದು ಹಿರಿಯರು ಎರಡು ಸಲ ಕೇಳಿದರು.

ಮುಗಿಯಲು ಐದು ನಿಮಿಷ ಇರುವಾಗ ಕಾರ್ನರ್‌ನಿಂದ ಬಂದ ಚೆಂಡಿಗೆ ನಮ್ಮವನೊಬ್ಬ ತಲೆ ಕೊಟ್ಟ. 1–1. ನೇರ ಟೈಬ್ರೇಕರ್.

ಪೆನಾಲ್ಟಿಗೆ ನಿಂತ ಗೋಲ್‌ಕೀಪರ್‌ನನ್ನು ಹಿಂದಿನಿಂದ ನೋಡಬೇಕು. ಏಳು ಮೀಟರಿಗೂ ಹೆಚ್ಚು ಅಗಲದ ಬಾಯಿ, ಎದುರಿಗೆ ಹನ್ನೊಂದು ಮೀಟರ್ ದೂರದಲ್ಲಿ ಚೆಂಡು. ಒದೆಯುವವರೆಗೆ ಒಂದು ಕಾಲಾದರೂ ಗೆರೆಯ ಮೇಲಿರಬೇಕು. ನನ್ನ ಹುಡುಗ ಕಾಲುಗಳನ್ನು ಅಗಲಿಸಿ, ಮೊಣಕಾಲು ಸಡಿಲಿಸಿ ನಿಂತಿದ್ದ. ತೂಗುವ ಬೋಟಿನ ಮೇಲೆ ಹಾಗೆಯೇ ನಿಲ್ಲುತ್ತಾರೆ. ಮೊದಲ ಎರಡು ಒದೆತಗಳಿಗೆ ತಪ್ಪು ದಿಕ್ಕಿಗೆ ಹಾರಿದ. ಮೂರನೆಯದಕ್ಕೆ ಹಾರಲೇ ಇಲ್ಲ. ಚೆಂಡು ನೇರ ಎದೆಗೆ ಬಂತು, ಅಪ್ಪಿಕೊಂಡ. ಐದನೆಯದನ್ನು ಎಡಗೈಯ ತುದಿಯಿಂದ ಕಂಬಕ್ಕೆ ತಳ್ಳಿದ. 4–3. ನಾನು ಕೊಡೆ ಬಿಟ್ಟು ಕೂಗಿದೆ. ಹಿರಿಯರು ನನ್ನ ಕೊಡೆಯನ್ನು ಎತ್ತಿಕೊಟ್ಟರು.

ಹುಡುಗರು ಕೆಸರಿನಲ್ಲಿ ಹೊರಳಾಡಿ ಮುಗಿಸಿದ ಮೇಲೆ, ಸಂಘಟಕರು ಮೈಕಿನಲ್ಲಿ ಫೈನಲ್ ಆಗಸ್ಟ್ 3ಕ್ಕೆ ಎಂದು ಸಾರಿದರು. ಹುಡುಗರ ಸದ್ದು ಒಮ್ಮೆಲೇ ಅಡಗಿತು. ಆಗಸ್ಟ್ 1ಕ್ಕೆ ನಿಷೇಧ ಮುಗಿಯುತ್ತದೆ. ಕೆಲವು ಬೋಟಿನವರು ಸಮುದ್ರ ಪೂಜೆ ಆದ ಮೇಲೆ ಇಳಿಯುತ್ತಾರೆ, ಆದರೆ ಇವರಲ್ಲಿ ಆರು ಜನರ ಬೋಟುಗಳು ಮೊದಲ ದಿನವೇ ಹೊರಡುವುದು ನಿಶ್ಚಯವಾಗಿತ್ತು. ಎರಡು ತಿಂಗಳು ಆದಾಯವಿಲ್ಲದೆ ಕಳೆದ ಮನೆಗಳು ಅವು. ಉಳಿದುಕೊಳ್ಳಿ ಎಂದು ಯಾರೂ ಹೇಳಲಿಲ್ಲ. ನನಗೂ ಬಾಯಿ ಬರಲಿಲ್ಲ. ಅವರ ಪಕ್ಕದಲ್ಲಿ ಸುಮ್ಮನೆ ನಿಂತೆ, ಗಂಟಲು ಕಟ್ಟಿತ್ತು.

ಅವನು ಗ್ಲೌಸನ್ನು ನಲ್ಲಿಯ ಕೆಳಗೆ ಹಿಡಿದು, ಕೆಂಪು ನೀರು ಇಳಿದುಹೋಗುವವರೆಗೆ ತೊಳೆದು, ಪಿಯುಸಿ ಓದುವ ಎರಡನೆಯ ಗೋಲ್‌ಕೀಪರ್‌ನ ಕೈಗೆ ಕೊಟ್ಟ. "ಬೆರಳಿಗೆ ಸ್ವಲ್ಪ ದೊಡ್ಡದಾಗುತ್ತದೆ, ಒಳಗೆ ಟೇಪ್ ಸುತ್ತಿಕೋ" ಎಂದ. ಆಮೇಲೆ ನನ್ನ ಹತ್ತಿರ ಬಂದ.

"ನೀವು ಮೂರಕ್ಕೆ ಬರುತ್ತೀರಲ್ಲ ಟೀಚರ್?"

"ಬರುತ್ತೇನೆ ಮಗಾ."

"ಸ್ಕೋರನ್ನು ವಾಟ್ಸ್‌ಆ್ಯಪ್‌ನಲ್ಲಿ ಹಾಕಿ. ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಬೋಟು ವಾಪಸು ಬರುವಾಗ, ಮಲ್ಪೆಯ ದೀಪ ಕಾಣುವ ಹೊತ್ತಿಗೆ ಬಂದು ಬೀಳುತ್ತದೆ."