ಡಿಕ್ಕಿಯಲ್ಲಿ ಸಲಿಕೆ, ಹಿಂದಿನ ಸೀಟಿನಲ್ಲಿ ಕಂಬಳಿ

ಕಳೆದ ಡಿಸೆಂಬರಿನಲ್ಲಿ ಅಪ್ಪ ಅಮ್ಮ ಅಮೆರಿಕಕ್ಕೆ, ನಾನಿರುವ ಮಿನಿಯಾಪೊಲಿಸ್‌ಗೆ ಬಂದರು. ಏರ್‌ಪೋರ್ಟಿನಲ್ಲಿ ಸೂಟ್‌ಕೇಸ್ ಇಡಲು ಡಿಕ್ಕಿ ತೆಗೆದೆ. ಅಪ್ಪ ಒಳಗೆ ನೋಡಿ ಅಲ್ಲೇ ನಿಂತುಬಿಟ್ಟರು. "ಇದೇನೇ ಪುಟ್ಟಿ, ಕಾರಲ್ಲಿ ಸಲಿಕೆ? ಈ ಮರಳು ಯಾಕೆ?"

ಅದು ಮರಳಲ್ಲ, ಬೆಕ್ಕು ಸಾಕಿದವರು ಅದರ ಕಕ್ಕಸಿನ ತಟ್ಟೆಗೆ ಹಾಕುವ ಮಣ್ಣಿನ ಹರಳು. ಮಂಜುಗಡ್ಡೆಯ ಮೇಲೆ ಚಕ್ರ ಸುಮ್ನೆ ತಿರುಗುತ್ತಾ ನಿಂತಾಗ ಅದರ ಮುಂದೆ ಎರಚಿದರೆ ಟೈರಿಗೆ ಹಿಡಿತ ಸಿಗುತ್ತದೆ. ನೀರು ತಾಗಿದರೆ ಮುದ್ದೆಯಾಗುವ ಜಾತಿಯದು ಬೇಡ. ಅದು ಕೆಸರಿನ ಹಾಗೆ ಇನ್ನೂ ಜಾರಿಸುತ್ತದೆ. ಇಷ್ಟನ್ನು ಅಲ್ಲೇ ಹೇಳಿದೆ. ಉಳಿದದ್ದನ್ನು ಮನೆಗೆ ಹೋಗುವ ದಾರಿಯಲ್ಲಿ ಹೇಳಿದೆ.

ಅಪ್ಪ ಮೂವತ್ತು ವರ್ಷ ತೀರ್ಥಹಳ್ಳಿ ಕಡೆ ಅಂಬಾಸಿಡರ್ ಓಡಿಸಿದವರು. ಅವರ ಡಿಕ್ಕಿ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಸ್ಟೆಪ್ನಿ, ಜಾಕು, ಪಾನಾ, ಒಂದು ಹಳೇ ಫ್ಯಾನ್ ಬೆಲ್ಟ್, ರೇಡಿಯೇಟರಿಗೆ ನೀರಿನ ಕ್ಯಾನ್, ಹಗ್ಗ. ಆಗುಂಬೆ ಘಾಟಿಯಲ್ಲಿ ಗಾಡಿ ಹಿಂದಕ್ಕೆ ಸರಿಯದ ಹಾಗೆ ಚಕ್ರಕ್ಕೆ ಕೊಡಲು ಎರಡು ಕಲ್ಲು. ಎಲ್ಲವೂ ಗಾಡಿ ರಿಪೇರಿಗೆ ಬೇಕಾದದ್ದೇ. ಮನುಷ್ಯನಿಗೆ ಅಂತ ಏನೂ ಇರಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ಗಾಡಿ ನಿಂತರೆ ಹತ್ತು ನಿಮಿಷದಲ್ಲಿ ನಾಲ್ಕು ಜನ ಸೇರುತ್ತಿದ್ದರು. ಪಕ್ಕದ ಮನೆಯಿಂದ ಕಾಫಿಯೂ ಬರುತ್ತಿತ್ತು.

ಇಲ್ಲಿ ಹಾಗಲ್ಲ. ಚಳಿಗಾಲದ ಹೈವೇಯಲ್ಲಿ ಕಾರು ನಿಂತರೆ ಅದನ್ನು ರಿಪೇರಿ ಮಾಡುವುದು ನನ್ನ ಕೆಲಸವೇ ಅಲ್ಲ. ಯಾರಾದರೂ ಬರುವ ತನಕ ಬೆಚ್ಚಗೆ ಕಾದು ಕೂರುವುದು ನನ್ನ ಕೆಲಸ. ಇದನ್ನು ನಾನು ಕಲಿತದ್ದು ಇಲ್ಲಿಗೆ ಬಂದ ಮೊದಲ ಜನವರಿಯಲ್ಲಿ.

ಮಿನಿಯಾಪೊಲಿಸ್‌ನಿಂದ ಫಾರ್ಗೊಗೆ ಐ-94 ಹೆದ್ದಾರಿಯಲ್ಲಿ ಸುಮಾರು 380 ಕಿ.ಮೀ. ಒಬ್ಬಳೇ ಹೊರಟಿದ್ದೆ. ಆಕಾಶ ನೀಲಿಯಾಗಿತ್ತು, ಒಂದು ಹನಿ ಹಿಮ ಬೀಳುತ್ತಿರಲಿಲ್ಲ. ಫರ್ಗಸ್ ಫಾಲ್ಸ್ ಹತ್ತಿರ ಬರುವಾಗ ಗಾಳಿ ಎದ್ದಿತು. ಆ ಕಡೆ ಎಲ್ಲ ಬಯಲು. ಹೊಲದಲ್ಲಿ ಬಿದ್ದಿದ್ದ ಹಿಮವನ್ನೇ ಗಾಳಿ ಎತ್ತಿ ರಸ್ತೆಗೆ ತೂರುತ್ತದೆ. ಕಣ್ಣೆದುರು ಬಿಳಿ ಗೋಡೆ. ಒಮ್ಮೆ ಬ್ರೇಕ್ ಮುಟ್ಟಿದೆ, ಅಷ್ಟೇ. ಕಾರು ಅರ್ಧ ಸುತ್ತು ತಿರುಗಿ ರಸ್ತೆ ಪಕ್ಕದ ತಗ್ಗಿಗೆ ಇಳಿದು ಹಿಮದಲ್ಲಿ ಹೂತುಕೊಂಡಿತು. ಹೊರಗೆ ಮೈನಸ್ 26 ಡಿಗ್ರಿ ಸೆಲ್ಸಿಯಸ್. ಪೆಟ್ರೋಲ್ ಕಾಲು ಟ್ಯಾಂಕ್ ಇತ್ತು.

ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಿದೆ. ಎತ್ತಿದ್ದು ಒಬ್ಬ ಹೆಂಗಸು. ಪೆಟ್ಟಾಗಿದೆಯಾ ಎಂದು ಕೇಳಿದ ಮೇಲೆ ಆಕೆ ಕೇಳಿದ ಮುಂದಿನ ಪ್ರಶ್ನೆ: "ಸೈಲೆನ್ಸರ್ ಪೈಪು ಹಿಮದಲ್ಲಿ ಮುಚ್ಚಿದೆಯಾ?" ನನಗೆ ಅರ್ಥವೇ ಆಗಲಿಲ್ಲ. ಆಕೆ ನಿಧಾನವಾಗಿ ವಿವರಿಸಿದರು. ಪೈಪಿನ ಬಾಯಿ ಮುಚ್ಚಿದ್ದರೆ ಇಂಜಿನ್ನಿನ ಹೊಗೆ ಕಾರಿನ ಒಳಗೇ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೀಟರ್ ಹಾಕಿಕೊಂಡು ಬೆಚ್ಚಗೆ ಕೂತವರು ನಿದ್ದೆಯಲ್ಲೇ ಹೋಗಿಬಿಡುತ್ತಾರೆ.

ನನ್ನ ಹತ್ತಿರ ಸಲಿಕೆ ಇರಲಿಲ್ಲ. ಊಟದ ಡಬ್ಬಿಯ ಸ್ಟೀಲ್ ಮುಚ್ಚಳದಲ್ಲಿ ಹಿಮ ಕೆರೆದೆ. ಕೈಗೆ ತೆಳು ಉಲ್ಲನ್ ಗವಸು. ಐದೇ ನಿಮಿಷದಲ್ಲಿ ಬೆರಳು ನನ್ನದಲ್ಲ ಅನ್ನಿಸಿತು. ಆ ಚಳಿಗೆ ಗಾಳಿಯೂ ಸೇರಿದರೆ ಬರಿ ಚರ್ಮ ಅರ್ಧ ಗಂಟೆಯೊಳಗೆ ಹೆಪ್ಪುಗಟ್ಟುತ್ತದೆ. ಮತ್ತೆ ಒಳಗೆ ಬಂದು, ಆಕೆ ಹೇಳಿದ ಹಾಗೆ ಗಂಟೆಗೆ ಹತ್ತು ನಿಮಿಷ ಮಾತ್ರ ಇಂಜಿನ್ ಓಡಿಸಿದೆ. ಪ್ರತಿ ಸಲವೂ ಮೊದಲು ಇಳಿದು ಪೈಪು ನೋಡುವುದು, ಗಾಳಿ ಹೊಡೆಯದ ಕಡೆಯ ಕಿಟಕಿಯನ್ನು ಒಂದು ಬೆರಳಷ್ಟು ಇಳಿಸುವುದು. ನಾಲ್ಕು ಗಂಟೆ ಹೀಗೆ ಕಳೆಯಿತು. ಕೊನೆಗೆ ಟೋಯಿಂಗ್ ಗಾಡಿ ಬಂತು. ಫೋನಿನಲ್ಲಿ ಶೇಕಡಾ 6 ಚಾರ್ಜ್ ಉಳಿದಿತ್ತು.

ಮರುದಿನವೇ ಸಲಿಕೆ ಕೊಂಡೆ. ಹಿಡಿಯನ್ನು ಮಡಚಬಹುದಾದ ಚಿಕ್ಕದು ಸಾಕು. ಅದರ ಮೊದಲ ಕೆಲಸ ಚಕ್ರ ಬಿಡಿಸುವುದಲ್ಲ, ಆ ಪೈಪಿನ ಬಾಯಿ ಬಿಡಿಸುವುದು.

ಕಂಬಳಿ ಅಮ್ಮನದು. ವಿಷಯ ತಿಳಿದ ಮೇಲೆ, ಮುಂದಿನ ಸಲ ನಾನು ಊರಿಗೆ ಹೋದಾಗ ಚಳ್ಳಕೆರೆಯ ಕರಿ ಕಂಬಳಿ ತರಿಸಿಟ್ಟಿದ್ದರು. 23 ಕೆ.ಜಿ. ಸೂಟ್‌ಕೇಸಿನಲ್ಲಿ ಅದಕ್ಕೆ ಜಾಗ ಮಾಡಲು ಹಪ್ಪಳ ಬಿಟ್ಟು ಬಂದೆ. ಚುಚ್ಚುತ್ತದೆ ನಿಜ. ಆದರೆ ಕುರಿ ಉಣ್ಣೆ ಒದ್ದೆಯಾದರೂ ಶಾಖ ಹಿಡಿದಿಡುತ್ತದೆ, ಹತ್ತಿ ಬಟ್ಟೆ ಹಾಗಲ್ಲ. ಅದನ್ನು ಡಿಕ್ಕಿಯಲ್ಲಿ ಇಡುವುದಿಲ್ಲ, ಹಿಂದಿನ ಸೀಟಿನಲ್ಲಿ ಇಡುತ್ತೇನೆ. ಡಿಕ್ಕಿಯ ಬಾಗಿಲು ಮಂಜಿಗೆ ಅಂಟಿಕೊಳ್ಳಬಹುದು, ಹಿಂದಿನಿಂದ ಯಾರಾದರೂ ಗುದ್ದಿದರೆ ತೆರೆಯದೇ ಹೋಗಬಹುದು. ಸಲಿಕೆಯನ್ನೂ ಹೈವೇಗೆ ಹೊರಡುವ ದಿನ ಒಳಗೆ ತರುತ್ತೇನೆ. ಜೊತೆಗೆ ದಪ್ಪ ಸಾಕ್ಸ್, ಟೋಪಿ, ಬೆರಳುಗಳೆಲ್ಲ ಒಟ್ಟಿಗೆ ಇರುವ ದಪ್ಪ ಗವಸು.

ತಿಂಡಿಯ ವಿಷಯದಲ್ಲಿ ನಮ್ಮವರಿಗೆ ಒಂದು ಅನುಕೂಲವಿದೆ. ನೀರಿನಂಶ ಇರುವುದೆಲ್ಲ ಇಲ್ಲಿ ಕಲ್ಲಾಗುತ್ತದೆ. ಚಪಾತಿ, ಬಾಳೆಹಣ್ಣು ಯಾವುದೂ ಆಗದು. ಖಾರದ ಅವಲಕ್ಕಿ, ಹುರಿಗಡಲೆ, ಒಣ ದ್ರಾಕ್ಷಿಗೆ ಏನೂ ಆಗುವುದಿಲ್ಲ. ನೀರಿನ ಬಾಟಲಿಯನ್ನು ಮುಕ್ಕಾಲು ಮಾತ್ರ ತುಂಬಬೇಕು, ಇಲ್ಲದಿದ್ದರೆ ಹೆಪ್ಪುಗಟ್ಟಿ ಒಡೆಯುತ್ತದೆ. ಬಾಯಾರಿದರೆ ಹಿಮವನ್ನೇ ತಿನ್ನಬಾರದು, ಅದು ಮೈಯ ಶಾಖ ಎಳೆದುಬಿಡುತ್ತದೆ. ಅದಕ್ಕೇ ಒಂದು ತಗಡಿನ ಡಬ್ಬಿ, ದಪ್ಪ ಮೇಣದ ಬತ್ತಿ, ಬೆಂಕಿಪೊಟ್ಟಣ. ಹಿಮ ಕರಗಿಸಿ ಕುಡಿಯಬಹುದು. ಆಗಲೂ ಕಿಟಕಿ ಸ್ವಲ್ಪ ತೆರೆದಿರಬೇಕು.

ತಿಂಡಿಯನ್ನು ಒಬ್ಬರಿಗಿಂತ ಜಾಸ್ತಿ ಇಡುತ್ತೇನೆ. 2022ರ ಜನವರಿಯಲ್ಲಿ ವರ್ಜೀನಿಯಾದ ಐ-95ರಲ್ಲಿ ನೂರಾರು ವಾಹನ ರಾತ್ರಿಯಿಡೀ ಸಿಕ್ಕಿಬಿದ್ದವು. ಸೆನೆಟರ್ ಟಿಮ್ ಕೇನ್ ಕೂಡ ಅದರಲ್ಲಿದ್ದರು. ಎರಡು ಗಂಟೆಯ ದಾರಿಗೆ ಅವರಿಗೆ 27 ಗಂಟೆ ಹಿಡಿಯಿತು. ಫ್ಲಾರಿಡಾದಿಂದ ವಾಪಸಾಗುತ್ತಿದ್ದ ಒಂದು ಕುಟುಂಬ ಕಾರುಗಳ ಸಾಲಿನಲ್ಲಿ ನಡೆದು ಕಿತ್ತಳೆ ಹಂಚಿತಂತೆ, ಅವರಿಗೂ ಒಂದು ಸಿಕ್ಕಿತು. ಎಲ್ಲರಿಗೂ ಹಾಗೆ ಆಗುವುದಿಲ್ಲ. ಅದೇ ವರ್ಷ ಕ್ರಿಸ್‌ಮಸ್ ಹೊತ್ತಿಗೆ ನ್ಯೂಯಾರ್ಕ್ ರಾಜ್ಯದ ಬಫಲೋ ಕಡೆಯ ಹಿಮಬಿರುಗಾಳಿಯಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಕೆಲವರು ಸಿಕ್ಕಿದ್ದು ಅವರ ಕಾರಿನಲ್ಲೇ. ಇದನ್ನು ಅಮ್ಮನ ಎದುರು ಹೇಳಲಿಲ್ಲ.

ಗಾಡಿಗೆ ಬೇಕಾದದ್ದೂ ಇದೆ. ಆದರೆ ಅದು ಅಪ್ಪನಿಗೆ ಗೊತ್ತಿದ್ದದ್ದೇ. ಚಳಿಗೆ ಬ್ಯಾಟರಿ ಸೊರಗುತ್ತದೆ, ಆದ್ದರಿಂದ ಇನ್ನೊಂದು ಕಾರಿನ ಬ್ಯಾಟರಿಯಿಂದ ಕರೆಂಟು ಪಡೆಯುವ ಜಂಪರ್ ಕೇಬಲ್ ಬೇಕೇ ಬೇಕು. ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಒಳ್ಳೆಯದರ ಪ್ಲಸ್‌ಗೆ. ಕಪ್ಪು ಒಳ್ಳೆಯದರ ಮೈನಸ್‌ಗೆ. ಕಪ್ಪಿನ ಕೊನೆಯ ತುದಿ ಸತ್ತ ಬ್ಯಾಟರಿಗಲ್ಲ, ಅದರಿಂದ ದೂರ, ಇಂಜಿನ್ನಿನ ಬರಿ ಲೋಹಕ್ಕೆ. ಬ್ಯಾಟರಿಯಿಂದ ಹೈಡ್ರೋಜನ್ ಹೊರಡುತ್ತದೆ, ಪಕ್ಕದಲ್ಲೇ ಕಿಡಿ ಹಾರಬಾರದು. ಗಾಜು ತೊಳೆಯುವ ನೀರಿಗೆ ಇಲ್ಲಿ ಹೆಪ್ಪುಗಟ್ಟದ ನೀಲಿ ದ್ರವ. ಪೆಟ್ರೋಲ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ.

ಸ್ಟೆಪ್ನಿ ಎಲ್ಲಿ ಎಂದು ಅಪ್ಪ ಹುಡುಕಿದರು. ಇಲ್ಲ. ಈಗಿನ ಎಷ್ಟೋ ಕಾರಿಗೆ ಅದನ್ನು ಕೊಡುವುದೇ ಇಲ್ಲ, ಪಂಕ್ಚರ್ ಮುಚ್ಚುವ ಅಂಟು ಮತ್ತು ಗಾಳಿ ತುಂಬುವ ಪುಟ್ಟ ಪಂಪು ಅಷ್ಟೇ. ಇಲ್ಲಿಯವರಿಗೆ ಆ ಪದವೂ ಗೊತ್ತಿಲ್ಲ. ವೇಲ್ಸ್ ದೇಶದ ಲನೆಲ್ಲಿ ಊರಿನ ಸ್ಟೆಪ್ನಿ ಸ್ಟ್ರೀಟಿನಿಂದ ಬಂದ ಹೆಸರದು. ಅಲ್ಲಿಂದ ತೀರ್ಥಹಳ್ಳಿಗೆ ತಲುಪಿದೆ, ಅಮೆರಿಕಕ್ಕೆ ತಲುಪಿಲ್ಲ.

ಭಾನುವಾರ ಅಪ್ಪ ಗ್ಯಾರೇಜಿನಲ್ಲಿ ಕೂತು ಈ ಸಾಮಾನೆಲ್ಲ ತುಂಬಿಟ್ಟಿದ್ದ ಇಡೀ ಚೀಲ ಹೊರಗೆ ಹರಡಿದರು. ಒಂದೊಂದೇ ಎತ್ತಿ ನೋಡಿದರು. ಟಾರ್ಚಿನ ಗುಂಡಿ ಒತ್ತಿದರು. ಹೊತ್ತಲಿಲ್ಲ. ಎರಡು ಚಳಿಗಾಲ ಹಾಗೇ ಬಿದ್ದಿದ್ದ ಸೆಲ್ಲು ಸೋರಿ ಒಳಗೆಲ್ಲ ಬಿಳಿ ಪುಡಿ ಹಿಡಿದಿತ್ತು. ನನಗೆ ಮೈ ಜುಮ್ಮೆಂದಿತು. ಎರಡು ವರ್ಷ ಇದನ್ನು ನಂಬಿ ಓಡಾಡಿದ್ದೆನಲ್ಲ!

ಅಪ್ಪ ಏನೂ ಬೈಯಲಿಲ್ಲ. ಚಳಿ ತಡೆಯುವ ಲಿಥಿಯಂ ಸೆಲ್ಲು ಮತ್ತು ಹೊಸ ಟಾರ್ಚು ತಂದೆವು. ಒಂದು ಸೆಲ್ಲನ್ನು ಉಲ್ಟಾ ಹಾಕಿ ಮುಚ್ಚಳ ತಿರುಗಿಸಿದರು. ಚೀಲದಲ್ಲಿ ಅಕಸ್ಮಾತ್ ಗುಂಡಿ ಒತ್ತಿದರೂ ಹೊತ್ತಿ ಖಾಲಿಯಾಗುವುದಿಲ್ಲ. ಮತ್ತೆ ನನ್ನ ಕೈಗೆ ಕೊಟ್ಟು ಗ್ಯಾರೇಜಿನ ಲೈಟು ಆರಿಸಿದರು. "ಗವಸು ಹಾಕ್ಕೊಂಡೇ ತಿರುಗಿಸಿ ಹಾಕು, ನೋಡೋಣ" ಎಂದರು.

ಮೂರನೆಯ ಸಲಕ್ಕೆ ಬಂತು.